ಓಲೆಗರಿಯಿಂದ ಬಾನುಲಿಗೆ: ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯ ಪರಂಪರೆ ಮತ್ತು ಸಂವಹನದ ಅಧ್ಯಯನ

ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ಇಂದು ಕನ್ನಡಕ್ಕೊಂದು ವಿಭಾಗ, ಪತ್ರಿಕೋದ್ಯಮ ಮತ್ತು ಸಮೂಹ ಸಂವಹನಕ್ಕೆ ಮತ್ತೊಂದು ವಿಭಾಗ ಇರುವುದು ವಾಡಿಕೆ. ಒಂದರಲ್ಲಿ ಪಂಪ, ಬಸವಣ್ಣ, ಕುಮಾರವ್ಯಾಸರನ್ನು ಓದುತ್ತಾರೆ. ಇನ್ನೊಂದರಲ್ಲಿ ವರದಿಗಾರಿಕೆ, ಬಾನುಲಿ, ದೃಶ್ಯಮಾಧ್ಯಮಗಳನ್ನು ಕಲಿಯುತ್ತಾರೆ. ಎರಡಕ್ಕೂ ನಂಟಿಲ್ಲವೆಂಬ ಭಾವನೆ ಈಗ ಬೇರೂರಿದೆ. ಆದರೆ ಕನ್ನಡ ವಿದ್ವತ್ತಿನ ಚರಿತ್ರೆ ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಹಳೆಯ ಕಾವ್ಯವನ್ನು ಉಳಿಸುವ ಕೆಲಸ ಮತ್ತು ಅರಿವನ್ನು ಜನರಿಗೆ ಮುಟ್ಟಿಸುವ ಕೆಲಸ ಇಲ್ಲಿ ಮೊದಲಿನಿಂದಲೂ ಒಂದೇ ಪ್ರಯತ್ನದ ಭಾಗವಾಗಿದ್ದವು. ಮೈಸೂರು ವಿಶ್ವವಿದ್ಯಾನಿಲಯವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ಸ್ಥಾಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೂರ್ವಪೀಠಿಕೆ

ಈ ನಂಟಿನ ಮೊದಲ ಸ್ಪಷ್ಟ ಸಾಕ್ಷ್ಯ ಮಂಗಳೂರಿನಲ್ಲಿ ಸಿಗುತ್ತದೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಅವರೇ 1848ರಲ್ಲಿ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯನ್ನು ಆರಂಭಿಸಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚಿಗೆ ತಂದರು. ಪತ್ರಿಕೆಯ ಸಂಪಾದಕರೂ ಕಾವ್ಯಗಳ ಸಂಪಾದಕರೂ ಒಬ್ಬರೇ. ಮಿಷನ್ನಿನ ಉದ್ದೇಶ ಮತಪ್ರಚಾರವಾಗಿತ್ತೆಂಬುದು ನಿಜ. ಹಾಗಿದ್ದರೂ ಜನರೊಡನೆ ಮಾತನಾಡಬೇಕಾದರೆ ಅವರ ಕಾವ್ಯ, ಹಾಡು, ಗಾದೆಗಳನ್ನು ಬಲ್ಲವರಾಗಿರಬೇಕು ಎಂಬ ತಿಳಿವಳಿಕೆ ಮೋಗ್ಲಿಂಗರ ಎರಡೂ ಕೆಲಸಗಳ ಹಿಂದಿತ್ತು. ಕನ್ನಡ ಸೇವೆಗಾಗಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡ ನಾಡಿನಲ್ಲಿ ವಿಶ್ವವಿದ್ಯಾನಿಲಯವೇ ಇಲ್ಲದ ಕಾಲವದು.

ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ ಶಾಸನಗಳ ಸಂಗ್ರಹವನ್ನೂ ಪ್ರಾಚೀನ ಕಾವ್ಯಗಳ ಮುದ್ರಣವನ್ನೂ ಕೈಗೆತ್ತಿಕೊಂಡರು. 1891ರಲ್ಲಿ ಪ್ರಾಚ್ಯ ಗ್ರಂಥಾಲಯ ಸ್ಥಾಪನೆಯಾಯಿತು. ಮಠಗಳಲ್ಲಿ, ಬಸದಿಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಚದುರಿಹೋಗಿದ್ದ ಓಲೆಕಟ್ಟುಗಳಿಗೆ ಒಂದು ನೆಲೆ ಸಿಕ್ಕಿತು.

ಸಂಪಾದನೆಯ ಶಿಸ್ತು

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಯಿತು. ಕನ್ನಡಕ್ಕೆ ಅಲ್ಲಿ ಸ್ನಾತಕೋತ್ತರ ಪದವಿಯ ಮಾನ್ಯತೆ ಸಿಗಲು ದಶಕವೇ ಹಿಡಿಯಿತು. 1927ರಲ್ಲಿ ಕನ್ನಡ ಎಂ.ಎ. ಶುರುವಾಯಿತು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಕನ್ನಡದ ಪರ ನಿಂತರು, ಟಿ.ಎಸ್. ವೆಂಕಣ್ಣಯ್ಯನವರಂಥ ಗುರುಗಳು ಪಾಠ ಹೇಳಿದರು. ಡಿ.ಎಲ್. ನರಸಿಂಹಾಚಾರ್, ಕುವೆಂಪು ಅಲ್ಲಿ ಓದಿದವರು.

ಆ ತಲೆಮಾರು ರೂಢಿಸಿಕೊಂಡ ಗ್ರಂಥಸಂಪಾದನೆಯ ಶಿಸ್ತನ್ನು ಸಂವಹನದ ದೃಷ್ಟಿಯಿಂದಲೂ ನೋಡಬೇಕು. ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ, ಲೇಖನಚಿಹ್ನೆಗಳಿಲ್ಲ. ಎಷ್ಟೋ ಪ್ರತಿಗಳಲ್ಲಿ ಎ-ಏ, ಒ-ಓಗಳ ಹ್ರಸ್ವ ದೀರ್ಘ ತಿಳಿಯುವುದಿಲ್ಲ. ಹಳಗನ್ನಡದ ಱ ಮತ್ತು ೞ ಬಳಕೆಯಿಂದ ಮರೆಯಾದ ಮೇಲೆ ಬಂದ ಲಿಪಿಕಾರರು ಅವುಗಳ ಜಾಗದಲ್ಲಿ ರ, ಳ ಬರೆದುಬಿಡುತ್ತಿದ್ದರು. ಸಂಪಾದಕ ಸಿಕ್ಕಷ್ಟು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಛಂದಸ್ಸು ಎಲ್ಲಿ ಕೆಟ್ಟಿದೆ, ಪ್ರಾಸ ಎಲ್ಲಿ ತಪ್ಪಿದೆ, ಅರ್ಥ ಎಲ್ಲಿ ಕೂಡುವುದಿಲ್ಲ ಎಂದು ಅಕ್ಷರ ಅಕ್ಷರವನ್ನೂ ತೂಗಿ ನೋಡುತ್ತಾನೆ. ಒಂದು ಪಾಠವನ್ನು ಒಪ್ಪಿ, ಉಳಿದವನ್ನು ಪಾಠಾಂತರಗಳಾಗಿ ಅಡಿಯಲ್ಲಿ ಕೊಡುತ್ತಾನೆ. ತಾನು ಬಿಟ್ಟದ್ದನ್ನೂ ಓದುಗರ ಮುಂದಿಡುವ ಪ್ರಾಮಾಣಿಕತೆ ಇದು. ಡಿ.ಎಲ್.ಎನ್. ಸಂಪಾದಿಸಿ 1949ರಲ್ಲಿ ಪ್ರಕಟವಾದ ‘ವಡ್ಡಾರಾಧನೆ’ ಈ ಶಿಸ್ತಿನ ಫಲ. ಹತ್ತೊಂಬತ್ತು ಕಥೆಗಳ ಈ ಕೃತಿಯಿಂದ ಹಳಗನ್ನಡ ಗದ್ಯದ ಚರಿತ್ರೆಗೆ ಗಟ್ಟಿಯಾದ ಆಧಾರ ದೊರೆಯಿತು. ಸುದ್ದಿಯ ಮೂಲವನ್ನು ಪರಿಶೀಲಿಸುವ ಪತ್ರಕರ್ತನಿಗೆ ಬೇಕಾದದ್ದೂ ಇದೇ ಎಚ್ಚರ, ಇದೇ ಸಂಶಯಬುದ್ಧಿ.

ಊರೂರಿಗೆ ಹೊರಟ ವಿದ್ವತ್ತು

ಸಂಶೋಧನೆ ಕಾಲೇಜಿನ ಗೋಡೆಗಳೊಳಗೆ ಉಳಿಯಬಾರದೆಂಬ ಕಾಳಜಿ ಆರಂಭದಲ್ಲೇ ಇತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಮುಂದೆ ವಿಶ್ವವಿದ್ಯಾನಿಲಯವೇ ಅದನ್ನು ವಹಿಸಿಕೊಂಡಿತು. ಸಂಶೋಧನ ಪ್ರಬಂಧ, ವಿಮರ್ಶೆ, ಕವಿತೆಗಳು ಒಂದೇ ಸಂಚಿಕೆಯಲ್ಲಿ ಸಾಮಾನ್ಯ ಓದುಗರ ಕೈಗೆ ಬಂದವು.

1930ರ ದಶಕದಲ್ಲಿ ಬೇರೂರಿದ ಪ್ರಚಾರೋಪನ್ಯಾಸಗಳದ್ದು ಇನ್ನೂ ದೊಡ್ಡ ಹೆಜ್ಜೆ. ಪ್ರಾಧ್ಯಾಪಕರು ಊರೂರಿಗೆ ಹೋಗಿ ಸಾಹಿತ್ಯ, ಇತಿಹಾಸ, ವಿಜ್ಞಾನ, ಆರೋಗ್ಯಗಳ ಬಗ್ಗೆ ಕನ್ನಡದಲ್ಲಿ ಮಾತನಾಡುತ್ತಿದ್ದರು. ಆ ಭಾಷಣಗಳು ಪುಟ್ಟ ಪುಸ್ತಿಕೆಗಳಾಗಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ಇಂಗ್ಲಿಷಿನಲ್ಲಿ ಪಾಠ ಹೇಳಿ ರೂಢಿಯಾದವರು ರೈತರೂ ವ್ಯಾಪಾರಿಗಳೂ ಕುಳಿತ ಸಭೆಯಲ್ಲಿ ತಮ್ಮ ವಿಷಯವನ್ನು ತಿಳಿಗನ್ನಡದಲ್ಲಿ ಹೇಳಬೇಕಾಯಿತು. ಹೊಸ ವಿಷಯಗಳಿಗೆ ಹೊಸ ಪರಿಭಾಷೆಯ ಅಗತ್ಯ ಬಿದ್ದದ್ದು ಇಂಥ ಸಂದರ್ಭಗಳಲ್ಲೇ. 1946ರಲ್ಲಿ ಪ್ರಕಟವಾದ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಪ್ರಕಟಣೆಯ ಹೊಣೆ ಹೊತ್ತ ಪ್ರಸಾರಾಂಗ ಮುಂದೆ ರಾಜ್ಯದ ಇತರ ವಿಶ್ವವಿದ್ಯಾನಿಲಯಗಳಿಗೂ ಮಾದರಿಯಾಯಿತು.

ಇದೇ ಅವಧಿಯಲ್ಲಿ, 1935ರ ಸೆಪ್ಟೆಂಬರ್ 10ರಂದು, ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಪ್ರಸಿದ್ಧಿಗೆ ಬಂದದ್ದು ಈ ಕೇಂದ್ರದಿಂದ. ಕಾಲೇಜಿನ ಅಧ್ಯಾಪಕರಾಗಿದ್ದ ನಾ. ಕಸ್ತೂರಿಯವರು ಜೊತೆಗೂಡಿದರು. ಪರಿಚಿತ ಸಾಹಿತಿಗಳ, ವಿದ್ವಾಂಸರ, ಸಂಗೀತಗಾರರ ದನಿ ಯಂತ್ರದ ಮೂಲಕ ಮನೆಗಳನ್ನು ತಲಪತೊಡಗಿತು. ಗಮಕಿಯ ಬಾಯಲ್ಲಿ ಕುಮಾರವ್ಯಾಸ ಭಾರತ ಕೇಳಿ ಬೆಳೆದ ನಾಡಿಗೆ ಕೇಳಿ ಕಲಿಯುವುದು ಹೊಸದೇನಲ್ಲ. ಆ ಹಳೆಯ ಅಭ್ಯಾಸಕ್ಕೆ ಬಾನುಲಿ ಹೊಸ ಹರವನ್ನು ಕೊಟ್ಟಿತು. ವಿಶ್ವವಿದ್ಯಾನಿಲಯದ ಅಧ್ಯಾಪಕರೊಬ್ಬರ ಖಾಸಗಿ ಆಸಕ್ತಿಯಿಂದ ಮೊಳೆತ ಕೇಂದ್ರವನ್ನು ಕೆಲವೇ ವರ್ಷಗಳಲ್ಲಿ ಸಂಸ್ಥಾನ ತನ್ನ ಆಡಳಿತಕ್ಕೆ ತೆಗೆದುಕೊಂಡಿತು.

ಕವಲೊಡೆದ ದಾರಿ

1951ರಲ್ಲಿ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಬೋಧನೆ ಆರಂಭವಾಯಿತು. ಅದರ ಹಿಂದಿನ ಶಕ್ತಿ ನಾಡಿಗ ಕೃಷ್ಣಮೂರ್ತಿ. ಭಾರತೀಯ ಪತ್ರಿಕೋದ್ಯಮದ ಚರಿತ್ರೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1966ರಲ್ಲಿ ವಿಶ್ವವಿದ್ಯಾನಿಲಯದ ಪ್ರಸಾರಾಂಗದಿಂದಲೇ ಹೊರಬಂದಿತು. ಅದೇ ವರ್ಷ ಮಾನಸಗಂಗೋತ್ರಿಯಲ್ಲಿ ದೇ. ಜವರೇಗೌಡರ ನೇತೃತ್ವದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ರೂಪುಗೊಂಡಿತು. ಗ್ರಂಥಸಂಪಾದನೆ, ವಿಶ್ವಕೋಶ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಪರಿಷ್ಕೃತ ಆವೃತ್ತಿ, ಜಾನಪದ ಎಲ್ಲವೂ ಅಲ್ಲಿ ಬೆಳೆದವು. ಎರಡೂ ಶಿಸ್ತುಗಳು ಬಲಗೊಂಡವು. ಪರಿಣತಿ ಹೆಚ್ಚಿದಂತೆ ಪಠ್ಯಕ್ರಮಗಳು ಬೇರೆಯಾದವು. ಒಂದರ ವಿದ್ಯಾರ್ಥಿ ಇನ್ನೊಂದರ ಕಡೆ ತಿರುಗಿ ನೋಡುವ ಸಂದರ್ಭಗಳು ಕಡಿಮೆಯಾದವು.

ಈ ಅಗಲಿಕೆಯಿಂದಾದ ನಷ್ಟ ಜಾನಪದ ಕ್ಷೇತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದವರು ಮೌಖಿಕ ಕಾವ್ಯಗಳನ್ನು ಕಲಾವಿದರ ಬಾಯಿಂದ ಸಂಗ್ರಹಿಸಿ ಗ್ರಂಥಗಳಾಗಿ ಉಳಿಸಿಕೊಟ್ಟರು. ಆ ಋಣ ದೊಡ್ಡದು. ಆದರೆ ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆ ಹಿಡಿದ ದೇವರಗುಡ್ಡರು ಹಾಡುವಾಗ ಮುಖ್ಯ ಗಾಯಕ ಒಂದು ಸೊಲ್ಲು ಎತ್ತುತ್ತಾನೆ. ಹಿಮ್ಮೇಳದವರು ಅದನ್ನು ಹಿಡಿದು ಎಳೆಯುತ್ತಾರೆ. ನಡುವೆ ಹಾಡು ನಿಂತು ಮಾತು ಬರುತ್ತದೆ. ಕೇಳುವವರ ಉತ್ಸಾಹ ಕಂಡು ಒಂದು ಸನ್ನಿವೇಶ ಬೆಳೆಯುತ್ತದೆ, ಇನ್ನೊಂದು ಮೊಟಕಾಗುತ್ತದೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿಗೂ ತಂಬೂರಿ ಕಾವ್ಯದ ಅಂಗವೇ ಹೊರತು ಅಲಂಕಾರವಲ್ಲ. ಪುಸ್ತಕದಲ್ಲಿ ಮಾತು ಉಳಿಯುತ್ತದೆ, ಈ ಕೊಡುಕೊಳೆ ಉಳಿಯುವುದಿಲ್ಲ. ಹಾಡುವವನಿಗೂ ಕೇಳುವವರಿಗೂ ನಡುವೆ ನಡೆಯುವುದನ್ನು ದಾಖಲಿಸಿ ವಿಶ್ಲೇಷಿಸುವುದು ಸಂವಹನ ಶಾಸ್ತ್ರದ ಕೆಲಸ. ಆ ಮಾತಿನ ನುಡಿಗಟ್ಟು, ಧಾಟಿ, ಪುರಾಣವನ್ನು ಬಿಡಿಸುವುದು ಸಾಹಿತ್ಯ ಶಾಸ್ತ್ರದ ಕೆಲಸ. ಒಂದನ್ನು ಬಿಟ್ಟರೆ ಇನ್ನೊಂದು ಅರೆಬರೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಕನ್ನಡದ ಸಾಹಿತ್ಯ ಪರಂಪರೆ ಅಧ್ಯಯನದ ವಸ್ತುವಾದದ್ದು ಅಚ್ಚು, ಪತ್ರಿಕೆ, ಉಪನ್ಯಾಸ, ಬಾನುಲಿಗಳ ಒಡನಾಟದಲ್ಲಿ. ಎರಡನೆಯದಾಗಿ, ಆ ಒಡನಾಟ ಸಡಿಲವಾದದ್ದು ವಿಷಯದ ಸ್ವಭಾವದಿಂದಲ್ಲ, ವಿಭಾಗಗಳ ರಚನೆಯಿಂದ. ರಚನೆಯಿಂದ ಆದದ್ದನ್ನು ರಚನೆಯಿಂದಲೇ ಸರಿಪಡಿಸಬಹುದು. ಪತ್ರಿಕೋದ್ಯಮದ ವಿದ್ಯಾರ್ಥಿಗೆ ಗ್ರಂಥಸಂಪಾದನೆಯ ಒಂದು ಪತ್ರಿಕೆ, ಕನ್ನಡ ಎಂ.ಎ. ವಿದ್ಯಾರ್ಥಿಗೆ ಧ್ವನಿಮುದ್ರಣ ಮತ್ತು ಬಾನುಲಿ ನಿರ್ಮಾಣದ ಒಂದು ಪತ್ರಿಕೆ ಕಡ್ಡಾಯವಾಗಲಿ. ತಮ್ಮ ಜಿಲ್ಲೆಯ ಒಂದು ಮೌಖಿಕ ಕಾವ್ಯವನ್ನು ಇಬ್ಬರೂ ಸೇರಿ ದಾಖಲಿಸಿ, ಪಾಠ ನಿರ್ಣಯಿಸಿ, ಹಾಡಿದ ಊರಿನವರೇ ಕೇಳುವಂತೆ ಪ್ರಸಾರ ಮಾಡುವ ಯೋಜನೆಯನ್ನು ಪದವಿಯ ಅಂಗವಾಗಿಸಲಿ. ಊರೂರಿಗೆ ಉಪನ್ಯಾಸಕರನ್ನು ಕಳುಹಿಸಿದ, ಮನೆಯಲ್ಲೇ ಬಾನುಲಿ ಕಟ್ಟಿದ ಅಧ್ಯಾಪಕರನ್ನು ಪಡೆದ ವಿಶ್ವವಿದ್ಯಾನಿಲಯಕ್ಕೆ ಇದು ಹೊಸ ಸಾಹಸವಲ್ಲ. ಸಾಧನಗಳು ಆಗಿಗಿಂತ ಈಗ ಎಷ್ಟೋ ಸುಲಭ. ಬೇಕಾದದ್ದು ಎರಡು ವಿಭಾಗಗಳು ಒಂದೇ ಮೇಜಿನ ಸುತ್ತ ಕುಳಿತು ಪಠ್ಯಕ್ರಮ ರೂಪಿಸುವ ಮನಸ್ಸು.