ಪರರ ಭಾರ ಹೊರುವಲ್ಲಿ ಬೆಳೆಯುವ ವಿಶ್ವಾಸ

ಒಂದು ಕಾಲಕ್ಕೆ ಬೆಂಗಳೂರಿನ ದಂಡುಪ್ರದೇಶದ ಈಶಾನ್ಯದ ಅಂಚಿನಾಚೆ ಹೊಲತೋಟಗಳ ನಡುವಣ ಗ್ರಾಮವಾಗಿದ್ದ ಕಮ್ಮನಹಳ್ಳಿಯು, ಲಿಂಗರಾಜಪುರ ಬಾಣಸವಾಡಿಗಳೊಡನೆ ಮಹಾನಗರದಲ್ಲಿ ಬೆರೆತು, ಇಂದು ಕನ್ನಡ, ತಮಿಳು, ಮಲಯಾಳ, ಕೊಂಕಣಿ ಮನೆಮಾತುಗಳ ಕ್ರೈಸ್ತ ಕುಟುಂಬಗಳು ಅನ್ಯಧರ್ಮೀಯ ನೆರೆಯವರೊಡನೆ ಸೌಹಾರ್ದದಿಂದ ಬಾಳುವ ಬಡಾವಣೆಯಾಗಿ ಬೆಳೆದಿದೆ. ಇಲ್ಲಿನ ನಮ್ಮ ದೇವಾಲಯದ ಕಟ್ಟಡವೆದ್ದ ಬಗೆಯನ್ನು ದಾಖಲಿಸುವುದು ಈ ಸ್ಮರಣ ಸಂಚಿಕೆಯ ಕರ್ತವ್ಯವೇ ಸರಿ. ಆದರೆ ಕಷ್ಟದಲ್ಲಿರುವವರ ಕೈಹಿಡಿಯುತ್ತ ವಿಶ್ವಾಸಿಗಳು ತಾವೇ ಬೆಳೆದ ಬಗೆಯನ್ನೂ ಹೇಳದಿದ್ದರೆ ಆ ಚರಿತ್ರೆ ಅಪೂರ್ಣವಾದೀತು.

ನಮ್ಮ ದೇವಾಲಯದ ಪಾಲಕರಾದ ಸಂತ ಹತ್ತನೆಯ ಪಯಸ್ಸರು 1835ರಲ್ಲಿ ಉತ್ತರ ಇಟಲಿಯ ರಿಯೆಸೆ ಎಂಬ ಹಳ್ಳಿಯಲ್ಲಿ, ಅಂಚೆಯವನೊಬ್ಬನ ಬಡಮನೆಯಲ್ಲಿ ಜನಿಸಿದರು. ಬಾಲ್ಯದಲ್ಲಿ ದೂರದ ಶಾಲೆಗೆ ನಡೆದು ಹೋಗುವಾಗ, ಸವೆದಾವೆಂಬ ಭಯದಿಂದ ಪಾದರಕ್ಷೆಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಸಾಗುತ್ತಿದ್ದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. 1903ರಲ್ಲಿ ಪೋಪ್ ಜಗದ್ಗುರುಗಳಾದ ಮೇಲೂ ಆ ಬಡತನದ ನೆನಪು ಅವರಲ್ಲಿ ಮಾಸಲಿಲ್ಲ. 1908ರ ಡಿಸೆಂಬರಿನಲ್ಲಿ ಮೆಸ್ಸೀನ ನಗರವು ಭೂಕಂಪದಿಂದ ನೆಲಸಮವಾದಾಗ, ಮನೆಮಠ ಕಳೆದುಕೊಂಡ ನಿರಾಶ್ರಿತರಿಗೆ ತಮ್ಮ ಅರಮನೆಯ ಬಾಗಿಲನ್ನೇ ತೆರೆದರು.

ಕಷ್ಟವೆಂಬುದು ನಮ್ಮ ದಂಡುಪ್ರದೇಶಕ್ಕೂ ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಇಕ್ಕಟ್ಟಿನ ಓಣಿಗಳಲ್ಲಿ ಮನೆಮನೆಗಳನ್ನು ಬರಿದು ಮಾಡಿತು. ಜನಸಂದಣಿಯನ್ನು ತಗ್ಗಿಸಲೆಂದೇ ಮುಂದೆ ಫ್ರೇಜರ್ ಟೌನಿನಂತಹ ಬಡಾವಣೆಗಳು ರೂಪುಗೊಂಡವು. ನೂರಿಪ್ಪತ್ತು ವರ್ಷಗಳ ತರುವಾಯ ಕೊರೋನಾ ಬಂದಿತು. ಬಂಧುಗಳೇ ಮೃತರ ಬಳಿ ಸುಳಿಯಲಾಗದಿದ್ದ ಆ ದಿನಗಳಲ್ಲಿ, ನಮ್ಮ ಮಹಾಧರ್ಮಪ್ರಾಂತ್ಯದ 'ಮರ್ಸಿ ಏಂಜಲ್ಸ್' ಸ್ವಯಂಸೇವಕರು ರಕ್ಷಾಕವಚ ತೊಟ್ಟು, ಹೆಸರು ಮುಖಗಳರಿಯದವರ ಶವಗಳಿಗೂ ಗೌರವದ ಅಂತ್ಯಸಂಸ್ಕಾರ ದೊರೆಯುವಂತೆ ನೋಡಿಕೊಂಡರು.

ಆದರೆ ಮಹಾಮಾರಿಗಳು ಅಪರೂಪದವು. ಬಾಡಿಗೆ ಕಟ್ಟಲಾಗದ ವಿಧವೆ, ಕೆಲಸ ಹೋದ ತಂದೆ, ಹಾಸಿಗೆ ಹಿಡಿದ ವೃದ್ಧೆ, ಇವರು ನಿತ್ಯದವರು. ಇಂತಹವರಿಗಾಗಿಯೇ ಮೀಸಲಾದ ಸೇವಾಪರಂಪರೆಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯು ನನಗೆ ಅತ್ಯಂತ ಪ್ರಿಯವಾದುದು. 1833ರಲ್ಲಿ ಪ್ಯಾರಿಸಿನಲ್ಲಿ ಇಪ್ಪತ್ತರ ಹರೆಯದ ವಿದ್ಯಾರ್ಥಿ ಫ್ರೆಡರಿಕ್ ಒಜಾನಮ್ ಮತ್ತು ಅವನ ಕೆಲವು ಗೆಳೆಯರು, ನಿಮ್ಮ ಧರ್ಮವು ಇಂದು ಬಡವರಿಗೇನು ಮಾಡುತ್ತಿದೆಯೆಂಬ ಸವಾಲಿಗೆ ವಾದದಿಂದ ಉತ್ತರಿಸದೆ, ಬಡವರ ಮನೆಗಳಿಗೆ ಹೋಗುವುದನ್ನೇ ಉತ್ತರವಾಗಿಸಿದರು. ಸದಸ್ಯರ ಆತ್ಮೋನ್ನತಿಯೇ ಈ ಸಭೆಯ ಮೂಲೋದ್ದೇಶವೆಂಬುದನ್ನು ನಾವು ಗಮನಿಸಬೇಕು. ಇಬ್ಬಿಬ್ಬರಾಗಿ ಮನೆಗೆ ಹೋಗುವುದು, ಕುಳಿತು ಕೇಳುವುದು, ಮರಳಿ ಬಂದು ಪ್ರಾರ್ಥನೆಯೊಡನೆ ವಿಚಾರಿಸುವುದು ಅವರ ಕ್ರಮ. ಕೂಟದಲ್ಲಿ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಪ್ರತಿಯೊಬ್ಬರೂ ಮುಷ್ಟಿಯನ್ನು ಅದರೊಳಗಿಳಿಸಿ ಹೊರತೆಗೆಯುವರು. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ ಎಂಬುದು ಪಕ್ಕದವನಿಗೂ ತಿಳಿಯದು. ಕೊಡಲು ಏನೂ ಇಲ್ಲದವನ ಮಾನವೂ, ಧಾರಾಳವಾಗಿ ಕೊಟ್ಟವನ ವಿನಯವೂ ಅಲ್ಲಿ ಸಮಾನವಾಗಿ ಉಳಿಯುತ್ತವೆ.

ವಿಶ್ವಾಸವು ಮೊದಲು ಪರಿಪಕ್ವವಾಗಿ ಬಳಿಕ ಸೇವೆಯಾಗಿ ಹರಿಯುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸಂಕಟದ ಮನೆಗಳಿಗೆ ಹೋಗಿಬಂದವರ ಅನುಭವ ಬೇರೆಯದನ್ನೇ ಹೇಳುತ್ತದೆ. ಅಳುಕಿನಿಂದ, ಏನು ಮಾತನಾಡಬೇಕೆಂದು ತೋಚದೆ ಹೊಸ್ತಿಲು ದಾಟಿದವನು, ರೋಗಿಯ ಮಂಚದ ಬಳಿ ಅರ್ಧಗಂಟೆ ಮೌನವಾಗಿ ಕುಳಿತು ಎದ್ದಾಗ, ತಾನು ಹೊತ್ತು ತಂದ ಅಕ್ಕಿಬೇಳೆಗಿಂತ ಹೆಚ್ಚಿನದನ್ನು ಆ ಮನೆಯ ಸಹನೆಯಿಂದ, ಆ ಮನೆಯ ಜಪಸರದಿಂದ ತಾನೇ ಪಡೆದಿರುತ್ತಾನೆ. ಹಸಿದವರಲ್ಲಿಯೂ ರೋಗಿಗಳಲ್ಲಿಯೂ ತನ್ನನ್ನು ಕಾಣಬೇಕೆಂದು ಪ್ರಭು ಬೋಧಿಸಿದುದರ ಅರ್ಥವು ಆ ಮಂಚದ ಬಳಿ ತೆರೆದುಕೊಳ್ಳುವಷ್ಟು ಸ್ಪಷ್ಟವಾಗಿ ಪ್ರವಚನದಲ್ಲಿ ತೆರೆದುಕೊಳ್ಳದು.

ಆದುದರಿಂದ ಈ ಸಂಚಿಕೆಯ ಮೂಲಕ ಒಂದು ವಿನಂತಿ. ಏಳು ವರ್ಷದ ಮಕ್ಕಳೂ ಪರಮಪ್ರಸಾದಕ್ಕೆ ಯೋಗ್ಯರೆಂದು ನಮ್ಮ ಪಾಲಕ ಸಂತರು 1910ರಲ್ಲಿ ಆಜ್ಞಾಪಿಸಿದರು. ಬಲಿಪೀಠದ ಬಳಿಗೆ ಕರೆದೊಯ್ದ ಮಕ್ಕಳನ್ನು ಕಷ್ಟದಲ್ಲಿರುವವರ ಮನೆಯಿಂದ ದೂರವಿಡುವುದು ಯುಕ್ತವಲ್ಲ. ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಪ್ರತಿಯೊಂದು ಮಗುವನ್ನೂ ತಂದೆತಾಯಿಗಳು ಅದೇ ವರ್ಷ ಧರ್ಮಕೇಂದ್ರದ ಒಬ್ಬ ವೃದ್ಧರ ಅಥವಾ ರೋಗಿಯ ಮನೆಗೆ ಕರೆದುಕೊಂಡು ಹೋಗಲಿ. ಮುಂದಿನ ಸ್ಮರಣ ಸಂಚಿಕೆಯ ಹೊತ್ತಿಗೆ ಆ ಮಕ್ಕಳೇ ನಮ್ಮ ಸಮುದಾಯದ ವಿಶ್ವಾಸವನ್ನು ಹೊತ್ತು ನಡೆಸುವವರಾಗಿರುತ್ತಾರೆ.