ದಾಳದ ಲೆಕ್ಕ ಹಗುರಾದ ಬಗೆ

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಪಾತ್ರ ವಹಿಸಿ ಆಡುವ ಆಟ ಹೊರಬಂದಾಗ ಪೆಟ್ಟಿಗೆಯಲ್ಲಿದ್ದದ್ದು ಮೂರು ಸಣ್ಣ ಪುಸ್ತಿಕೆಗಳು. ಅದನ್ನು ರೂಪಿಸಿದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕಾದಾಟದ ವಿವರಗಳಿಗೆ 1971ರ ‘ಚೈನ್‌ಮೇಲ್’ ಎಂಬ ಇನ್ನೊಂದು ಆಟದ ಕಡೆ ಬೆರಳು ತೋರಿಸಿದ್ದರು. ಉಳಿದ ಸಂದುಗಳನ್ನು ಆಟಗಾರರೇ ತಮಗೆ ತೋಚಿದ ನಿಯಮಗಳಿಂದ ತುಂಬಿಕೊಂಡರು.

ತಲೆ ತಿನ್ನುತ್ತಿದ್ದದ್ದು ಕವಚದ ಲೆಕ್ಕ. ಕವಚ ಗಟ್ಟಿಯಾದಷ್ಟೂ ಅದರ ಅಂಕಿ ಇಳಿಯುತ್ತಿತ್ತು! 1989ರ ಎರಡನೇ ಆವೃತ್ತಿಯಲ್ಲಿ ಆಟಗಾರನ ‘ಥ್ಯಾಕೋ’ (ಕವಚ 0 ಇದ್ದ ಎದುರಾಳಿಗೆ ಏಟು ತಾಗಿಸಲು ಬೇಕಾದ ಅಂಕಿ) 18, ಎದುರಾಳಿಯ ಕವಚ 3 ಎಂದರೆ ಇಪ್ಪತ್ತು ಮುಖದ ದಾಳದಲ್ಲಿ ಕನಿಷ್ಠ 15 ಬೀಳಬೇಕು. ಕವಚ ಮೈನಸ್ 2 ಆದರೆ 20. ಕತ್ತಿ ಬೀಸುವ ಹೊತ್ತಿನಲ್ಲಿ ಕಳೆಯುವ ಲೆಕ್ಕ!

2000ದಲ್ಲಿ ವಿಝಾರ್ಡ್ಸ್ ಆಫ್ ದ ಕೋಸ್ಟ್ ಎಂಬ ಪ್ರಕಾಶನ ಸಂಸ್ಥೆ ತಂದ ಮೂರನೇ ಆವೃತ್ತಿ ಇದನ್ನು ತಿರುವಿಹಾಕಿತು. ದಾಳ ಉರುಳಿಸಿ, ಪಾತ್ರದ ಸಾಮರ್ಥ್ಯದ ಅಂಕಿ ಕೂಡಿಸಿ, ಗುರಿಯ ಅಂಕಿ ಮುಟ್ಟಿತೇ ನೋಡಿದರಾಯಿತು. ಬೀಗ ತೆಗೆಯಲಿಕ್ಕೂ ಗೋಡೆ ಹತ್ತಲಿಕ್ಕೂ ಅದೇ ಸೂತ್ರ. ಆದರೆ ಸಣ್ಣಪುಟ್ಟ ಕೂಡಿಕೆಗಳ ರಾಶಿ ಬೆಳೆಯಿತು.

2012ರಿಂದ ಕರಡನ್ನು ಆಟಗಾರರ ಕೈಗೇ ಕೊಟ್ಟು ಪರೀಕ್ಷಿಸಿ, 2014ರಲ್ಲಿ ಐದನೇ ಆವೃತ್ತಿ ಬಂತು. ಅದರಲ್ಲಿ ಆ ಸಣ್ಣಪುಟ್ಟ ಕೂಡಿಕೆಗಳಲ್ಲಿ ಹೆಚ್ಚಿನವುಗಳ ಬದಲು, ಪರಿಸ್ಥಿತಿ ಅನುಕೂಲವಾಗಿದ್ದರೆ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡ ಅಂಕಿ ಇಟ್ಟುಕೊಳ್ಳಬೇಕು, ಪ್ರತಿಕೂಲವಾಗಿದ್ದರೆ ಚಿಕ್ಕದು. ಇಷ್ಟು ವರ್ಷಗಳ ತಿದ್ದುಪಡಿಗಳಲ್ಲಿ ಇದಕ್ಕಿಂತ ಜಾಣ ನಿಯಮ ಮತ್ತೊಂದಿಲ್ಲ.