ಕರಡಿಗೆಯೂ ಕೊರೆಯುವ ಕಾಯಕವೂ

ಇಷ್ಟಲಿಂಗದ ಸ್ವರೂಪ, ಧಾರಣವಿಧಿ, ಪೂಜಾಕ್ರಮಗಳನ್ನು ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಆದರೆ ಆ ಲಿಂಗವನ್ನು ಎದೆಯ ಮೇಲೆ ಕಾಪಾಡುವ ಬೆಳ್ಳಿಯ ಕರಡಿಗೆಯನ್ನು ರೂಪಿಸಿದ ಕೈಗಳ ಕಡೆಗೆ ದೃಷ್ಟಿ ಹರಿದುದು ಕಡಮೆ. ಗುಂಡಗಡಿಗೆಯಾಗಲಿ, ಬೇರೆ ಆಕಾರದ್ದಾಗಲಿ, ಅದರ ಎರಡು ಭಾಗಗಳು ಸಂದಿಲ್ಲದಂತೆ ಕೂಡಬೇಕು. ಶಿವದಾರ ಪೋಣಿಸುವ ಕೊಂಡಿಗಳು ಬಾಳಿನುದ್ದಕ್ಕೂ ತಾಳಬೇಕು. ಅಂಥ ಕೈಯನ್ನು ಪಳಗಿಸುವ ಕಲಿಕೆ ಎಂತಹದು?

ಲೋಹದ ತಗಡನ್ನು ಕೊರೆದು ಹೂಬಳ್ಳಿ, ಜಾಲರಿಗಳನ್ನು ಬಿಡಿಸುವ ಕಲೆ ಬಹು ಪ್ರಾಚೀನವಾದುದು. ರೋಮನ್ ಸಾಮ್ರಾಜ್ಯದ 3-4ನೆಯ ಶತಮಾನಗಳ ಹೊನ್ನಿನ ಒಡವೆಗಳಲ್ಲಿ ಕಾಣುವ ಜಾಲರಿ ಚಿಕ್ಕ ಉಳಿಗಳಿಂದ ಕಡಿದುದು. ನಮ್ಮ ದೇವಾಲಯಗಳ ಜಾಲಂಧ್ರಗಳು ಶಿಲೆಯಲ್ಲಿ ಇದೇ ಭಾವವನ್ನು ತಾಳಿವೆ. ನೂಲಿನಂತಹ ಉಕ್ಕಿನ ಅಲಗು ಬಳಕೆಗೆ ಬಂದ ಬಳಿಕ ಕೆಲಸ ಸೂಕ್ಷ್ಮವಾಯಿತು, ಕಲಿಕೆಯೇನೂ ಸುಲಭವಾಗಲಿಲ್ಲ.

ಕಲಿಯುವವನು ಮೊದಲು ತಗಡಿನ ಮೇಲೆ ಗೆರೆ ಎಳೆದು, ತೆಗೆಯಬೇಕಾದ ಭಾಗದೊಳಗೆ ಕಿರಿದಾದ ರಂಧ್ರವನ್ನು ಕೊರೆಯುತ್ತಾನೆ. ಗರಗಸದ ಅಲಗಿನ ಒಂದು ತುದಿಯನ್ನು ಬಿಚ್ಚಿ, ರಂಧ್ರದಲ್ಲಿ ತೂರಿಸಿ, ಹಲ್ಲುಗಳು ಹಿಡಿಯ ಕಡೆಗೆ ಮುಖಮಾಡಿರುವಂತೆ ಮತ್ತೆ ಬಿಗಿಯುತ್ತಾನೆ. ಕೆಳಗೆಳೆಯುವಾಗ ಮಾತ್ರ ಲೋಹ ಕೊಯ್ಯಲ್ಪಡುತ್ತದೆ. ತಗಡಿನ ದಪ್ಪದೊಳಗೆ ಕನಿಷ್ಠ 2-3 ಹಲ್ಲುಗಳಾದರೂ ಇರಬೇಕು. ಇಲ್ಲವಾದರೆ ಅಲಗು ಸಿಕ್ಕಿಕೊಳ್ಳುತ್ತದೆ. ತಿರುವು ಬಂದಾಗ ಮುಂದೊತ್ತದೆ, ಗರಗಸವನ್ನು ನಿಂತಲ್ಲಿಯೇ ಮೇಲೆಕೆಳಗೆ ಆಡಿಸುತ್ತ ತಗಡನ್ನು ಮೆಲ್ಲನೆ ತಿರುಗಿಸಬೇಕು. ಅವಸರಪಟ್ಟವನ ಅಲಗು ಮುರಿಯುತ್ತದೆ. ಗೆರೆಯನ್ನು ಉಳಿಸಿ ಕೊಯ್ದು, ಮಿಕ್ಕುದನ್ನು ಅರದಿಂದ ತಿದ್ದಬೇಕು. ಗೆರೆ ದಾಟಿ ಕೊಯ್ದುದು ಮರಳಿ ಬಾರದು.

ಇಷ್ಟು ಕೈಚಳಕವಾಯಿತು. ಕೆಳಗುದುರಿದ ಬೆಳ್ಳಿಯ ಪುಡಿ ಯಾರದು? ತೂಗಿ ಕೊಟ್ಟವನು ಅದನ್ನು ಕಾಣಲಾರನು, ಕೊಯ್ದವನೊಬ್ಬನೇ ಬಲ್ಲನು. ಶರಣರು ಬಯಸಿದ ಸತ್ಯಶುದ್ಧ ಕಾಯಕಕ್ಕೆ ಇದಕ್ಕಿಂತ ಸೂಕ್ಷ್ಮವಾದ ಒರೆಗಲ್ಲು ದೊರೆಯದು. ‘ಮಹಾಲಿಂಗ ತ್ರಿಪುರಾಂತಕ’ ಅಂಕಿತದ ವಚನಕಾರ ಕಿನ್ನರಿ ಬ್ರಹ್ಮಯ್ಯನು ಮೊದಲು ಅಕ್ಕಸಾಲೆಯ ವೃತ್ತಿಯವನಾಗಿದ್ದು, ಕಲ್ಯಾಣದಲ್ಲಿ ಕಿನ್ನರಿ ನುಡಿಸುವ ಕಾಯಕವನ್ನು ಕೈಗೊಂಡನೆಂದು ಶರಣಚರಿತ್ರೆಗಳು ಹೇಳುತ್ತವೆ. ಇದರಿಂದ ಅಕ್ಕಸಾಲೆಯ ವೃತ್ತಿ ಶರಣರಿಗೆ ತ್ಯಾಜ್ಯವಾಗಿತ್ತೆಂದು ಬಗೆಯುವುದು ಸರಿಯಲ್ಲ. ವೃತ್ತಿಯಲ್ಲಿ ಮೇಲುಕೀಳುಗಳನ್ನು ಅವರು ಎಣಿಸಲಿಲ್ಲ. ವೃತ್ತಿಯೊಳಗಿನ ಮನಸ್ಸನ್ನು ಎಣಿಸಿದರು.

ಈ ಮಾತಿಗೆ ಕಲಬುರಗಿಯ ನೆಲವೇ ಸಾಕ್ಷಿಯಾಗಿದೆ. 1422ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ದರ್ಗಾದ ಆಸುಪಾಸಿನದು ರೋಜಾ. ಆ ಹೆಸರೇ ಸಮಾಧಿಸ್ಥಾನವನ್ನು ಸೂಚಿಸುತ್ತದೆ. ಅದೇ ನಗರದಲ್ಲಿ ದಾಸೋಹಮೂರ್ತಿ ಶರಣಬಸವೇಶ್ವರರ ಗುಡಿಯಿದೆ. ಅಲ್ಲಿಂದ ಕಮಲಾಪುರ, ಹುಮನಾಬಾದುಗಳ ಮಾರ್ಗವಾಗಿ ಸಾಗಿದರೆ ಬೀದರ. ಬಹಮನಿ ಅರಸರ ರಾಜಧಾನಿಯೂ 15ನೆಯ ಶತಮಾನದಲ್ಲಿ ಕಲಬುರಗಿಯಿಂದ ಬೀದರಿಗೆ ಸಾಗಿತು. ಅಲ್ಲಿನ ಬಿದರಿ ಕುಶಲಿಗರು ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಮೈಲುತುತ್ತದಿಂದ ಮೈ ಕಪ್ಪಾಗಿಸಿ ಚಿತ್ರ ಬರೆದು, ಉಳಿಯಿಂದ ಕೆತ್ತಿ ಬೆಳ್ಳಿಯ ತಂತಿ, ತಗಡುಗಳನ್ನು ಕೂಡಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪನ್ನು ಸ್ಥಿರಗೊಳಿಸುತ್ತಾರೆ. ಆಫ್ತಾಬಿ ಎಂಬ ಬಗೆಯಲ್ಲಂತೂ ಬೆಳ್ಳಿಯ ತಗಡನ್ನೇ ಕೊರೆದು ಹೊದಿಸಲಾಗುತ್ತದೆ; ಕೊರೆದ ಎಡೆಯಲ್ಲಿ ಕಪ್ಪು ಮೈ ಹೂವಾಗಿ ತೋರುತ್ತದೆ. ಈ ಪರಂಪರೆಯ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಕರಡಿಗೆಯನ್ನು ಧರಿಸುವವನೂ ಅದನ್ನು ಮಾಡುವವನೂ ಒಂದೇ ಸಮಾಜದವರಾಗಿರಬೇಕೆಂಬ ನಿಯಮವಿಲ್ಲ. ಲಿಂಗಪೂಜೆಗೆ ಮುನ್ನ ಕರಡಿಗೆಯನ್ನು ತೆರೆಯುವ ಭಕ್ತನು, ಮತ್ತೊಬ್ಬನ ಕಾಯಕವನ್ನು ಮೊದಲು ಮುಟ್ಟಿ ಆಮೇಲೆ ಲಿಂಗವನ್ನು ಮುಟ್ಟುತ್ತಾನೆ. ಆ ಕೈಯನ್ನು ಕೀಳೆಂದು ಎಣಿಸಿದವನ ಪೂಜೆ ಶರಣಸಮ್ಮತವಾಗಲಾರದು.